ಉಪಕಾರದ ಕಾಲಂ

ನನ್ನ ಹೆಂಡತಿ ಬೆನಿಟಾಳಿಗೆ ದೇವರ ಮೇಲೆ ಬೆಟ್ಟದಷ್ಟು ನಂಬಿಕೆ. ಅವನು ಏನಾದರೂ ಕೊಟ್ಟಾಗ ಮಾತ್ರ ಅವಳಿಗೆ ಸಂಶಯ. ಕಷ್ಟ ಬಂದರೆ ಮೊಣಕಾಲೂರಿ ಸ್ವೀಕರಿಸುತ್ತಾಳೆ, ಸುಖ ಬಂದರೆ ಬಾಗಿಲು ಹಾಕುತ್ತಾಳೆ. ಹೊಸ ಫ್ರಿಜ್ ಬಂದ ದಿನ ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ, ಕೇಳಿದವರಿಗೆಲ್ಲ ರಿಪೇರಿ ಮಾಡಿಸಿದ್ದು ಎಂದಳು. ಮಗ ರೋಯ್ಸ್ಟನ್‌ಗೆ ಬಡ್ತಿ ಸಿಕ್ಕಾಗ ಅವನಿಗೆ ಅಸಿಡಿಟಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಸಂಜೆ ಜಪಮಾಲೆ ಮುಗಿದ ಮೇಲೆ ಒಂದು ಹಿಡಿ ಉಪ್ಪು, ಮೂರು ಒಣಮೆಣಸು ನಿವಾಳಿಸಿ ಒಲೆಗೆ ಹಾಕುವ ಪದ್ಧತಿಯೂ ಇದೆ. ಮರಿಯಮ್ಮನಿಗೂ ಸಹಾಯಕ್ಕೆ ಯಾರಾದರೂ ಬೇಕಲ್ಲ.

ಅವಳನ್ನು ಬೈದು ಪ್ರಯೋಜನವಿಲ್ಲ. ನಮ್ಮ ಮೊದಲ ಮಗ ಐವನ್ ಹುಟ್ಟಿದಾಗ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ, ಪ್ರತಿ ಮನೆಗೂ ಲಾಡು ಹಂಚಿದ್ದೆವು. ಮೂರು ತಿಂಗಳಿಗೆ ಮಗು ಹೋಯಿತು. ಲಾಡು ತಿಂದವರ ಕಣ್ಣು ತಾಗಿತು ಎಂದು ಯಾರೋ ಅಂದರು. ಮೂವತ್ತೈದು ವರ್ಷವಾದರೂ ಅವಳು ಆ ಮಾತನ್ನು ಬಿಟ್ಟಿಲ್ಲ. ಐವನ್‌ನ ಹೆಸರನ್ನು ಮಾತ್ರ ಎತ್ತಿಲ್ಲ.

ಹಾಗಾಗಿ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಸೊಸೆ ಜೆಸ್ವಿಟಾ ಬಸುರಾದಾಗ ಮನೆಯಲ್ಲಿ ಕರ್ಫ್ಯೂ ಜಾರಿಯಾಯಿತು. ತವರಿಗೂ ಹೇಳುವಂತಿಲ್ಲ. ವಾಂತಿಗೆ ಗ್ಯಾಸ್ಟ್ರಿಕ್ ಎಂದು ಹೆಸರು. ಹೊಟ್ಟೆ ಕಾಣದಂತೆ ಗಂಡನ ದೊಗಳೆ ಶರ್ಟು. ಜೋರಾಗಿ ನಗುವಂತಿಲ್ಲ, ನಗು ಕಿಟಕಿಯಿಂದ ಹೊರಗೆ ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಹುಡುಗಿ ಬಾಡಿಹೋದಳು. ಅವಳ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು. ಹೆಂಡತಿಗೆ ಹೇಳುವಷ್ಟು ಧೈರ್ಯ ಮಾತ್ರ ಬರಲಿಲ್ಲ.

ಆದರೂ ದೇವರಿಗೆ ಉಪಕಾರ ಹೇಳದಿದ್ದರೆ ಅವನು ಕೊಟ್ಟದ್ದನ್ನು ವಾಪಸು ಕೇಳಿಯಾನು ಎಂಬ ಹೆದರಿಕೆ ಬೇರೆ. ಬೆನಿಟಾ ಪೂಜೆ ಹೇಳಿಸಲು ಇಗರ್ಜಿಯ ಆಫೀಸಿಗೆ ಹೋದಳು. ಫಾರಂನಲ್ಲಿ ಎರಡು ಕಾಲಂ: ಉಪಕಾರ ಸ್ತುತಿ, ಮೃತರ ಆತ್ಮಶಾಂತಿ. ಉಪಕಾರದಲ್ಲಿ ಬರೆದರೆ ಫಾದರ್ ಪೂಜೆಯಲ್ಲಿ ಓದುತ್ತಾರೆ, ಎಂತಕ್ಕೆ ಉಪಕಾರ ಎಂದು ಇಡೀ ವಾಳೆ ಕೇಳುತ್ತದೆ. ಸತ್ತವರ ಮೇಲೆ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ. ಅವಳು ಮೃತರ ಕಾಲಂನಲ್ಲಿ ನನ್ನ ಅಜ್ಜನ ಹೆಸರು ಬರೆದು, ಮನಸ್ಸಿನಲ್ಲಿ ಮೊಮ್ಮಗುವನ್ನು ಇಟ್ಟುಕೊಂಡು ಬಂದಳು. ದೇವರು ಅರ್ಥ ಮಾಡಿಕೊಳ್ಳುತ್ತಾನೆ ಎಂದು ಸೊಸೆಗೆ ಹೇಳಿದಳು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಅಜ್ಜ ನೊರ್ಬರ್ಟ್ ಲೋಬೊ. ನಾನೂ ನೊರ್ಬರ್ಟ್ ಲೋಬೊ.

ಶನಿವಾರ ಬೆಳಿಗ್ಗೆ, ಬಂದು ಹದಿನೈದು ದಿನವಷ್ಟೇ ಆಗಿದ್ದ ಹೊಸ ಫಾದರ್ ಆ ಹೆಸರನ್ನು ಸ್ಪಷ್ಟವಾಗಿ ಓದಿದರು. ಯಾರಾದರೂ ಮುಖ ನೋಡಿ ಗುಟ್ಟು ಕಂಡುಹಿಡಿದಾರು ಎಂದು ಬೆನಿಟಾ ಪೂಜೆಗೇ ಹೋಗಿರಲಿಲ್ಲ. ವಿಧವೆ ಬಂದಿಲ್ಲ ಎಂದಮೇಲೆ ಜನಕ್ಕೆ ಬೇರೆ ಸಾಕ್ಷಿ ಬೇಕೆ? ನಾನು ಆಗ ಕಂಕನಾಡಿ ಮಾರ್ಕೆಟಿನಲ್ಲಿ ಬಂಗುಡೆ ಆರಿಸುತ್ತಿದ್ದೆ.

ಮೀನು ಹಿಡಿದುಕೊಂಡು ಬಂದಾಗ ಅಂಗಳದ ತುಂಬ ಚಪ್ಪಲಿ. ಒಳಗೆ ನಮ್ಮ ವಾಳೆಯ ಗುರ್ಕಾರ ಪಿಯುಸ್ ಮುಖ್ಯಸ್ಥನ ಗತ್ತಿನಲ್ಲಿ ಕುರ್ಚಿ ಹಾಕಿಸುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಉರಿಸುವುದಿಲ್ಲವೆಂದು ಪಕ್ಕದ ಮನೆಯ ಜಲಜಾಕ್ಷಿಯಕ್ಕ ಪಾತ್ರೆ ತುಂಬ ಗಂಜಿ ತಂದಿದ್ದರು. ನಾನು ಮಾರ್ಕೆಟಿಗೆ ಹೋಗಿದ್ದೇನೆ ಎಂದು ಬೆನಿಟಾ ಹೇಳಿದ್ದನ್ನು ದುಃಖದ ಭ್ರಮೆ ಎಂದುಕೊಂಡು ಯಾರೂ ನಂಬಿರಲಿಲ್ಲ.

"ಲೋಬೋರೆ, ನೀವು ಸತ್ತಿಲ್ವಾ?" ಎಂದರು ಪಿಯುಸ್. ದನಿಯಲ್ಲಿ ಸ್ವಲ್ಪ ಬೇಸರವಿತ್ತು. "ನಾನು ಹೂವಿಗೆ ಹೇಳಿ ಆಯ್ತು."

"ಮೀನಿಗೆ ಹೋಗಿದ್ದೆ ಮಾರಾಯ್ರೆ."

"ಹಾಗಾದ್ರೆ ಪೂಜೆ ಯಾರಿಗೆ?"

"ಇವರ ಅಜ್ಜನಿಗೆ," ಎಂದಳು ಬೆನಿಟಾ.

"ಅಜ್ಜ ಹೋಗಿ ಐವತ್ತು ವರ್ಷ ಆಯ್ತಲ್ಲ. ಈಗ ಎಂತ ಅರ್ಜೆಂಟು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜೆಸ್ವಿಟಾ ಮುಂದೆ ಬಂದಳು.

"ಪೂಜೆ ನನ್ನ ಮಗುವಿಗೆ. ನಾಲ್ಕು ತಿಂಗಳು ಆಯ್ತು." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಮಮ್ಮಿ, ಅದು ಇನ್ನೂ ಹುಟ್ಟಲೇ ಇಲ್ಲ. ನೀವು ಆಗಲೇ ಸತ್ತವರ ಕಾಲಂನಲ್ಲಿ ಬರೆದ್ರಿ."

ಬೆನಿಟಾಳ ಮುಖ ಬಿಳಿಚಿತು. ಕಣ್ಣು ತಾಗುವ ಎಲ್ಲ ದಾರಿಗಳನ್ನೂ ಮುಚ್ಚಿದ್ದಳು ಪಾಪ, ತನ್ನ ಕೈಬರಹವೊಂದನ್ನು ಬಿಟ್ಟು. ಅಳಲು ಬಂದವರಿಗೆ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಜಲಜಾಕ್ಷಿಯಕ್ಕ ಮಾತ್ರ ನನ್ನ ಸಾವಿಗೆಂದು ತಂದ ಗಂಜಿಯನ್ನು ಬಟ್ಟಲಿಗೆ ಬಡಿಸಿ ಜೆಸ್ವಿಟಾಳ ಕೈಗಿಟ್ಟು, "ಉಣ್ಣು ಮಗಾ, ಬಿಸಿ ಉಂಟು," ಎಂದರು. ಜೆಸ್ವಿಟಾ ಎರಡು ಬಟ್ಟಲು ಉಂಡಳು. ಉಣ್ಣುತ್ತ ಅತ್ತಳು, ಮತ್ತೆ ನನ್ನ ಕೈಯ ಮೀನಿನ ಚೀಲ ನೋಡಿ ಜೋರಾಗಿ ನಕ್ಕಳು. ಬೆನಿಟಾ ಎದ್ದು ಕಿಟಕಿಯ ಹತ್ತಿರ ಹೋದಳು. ಮುಚ್ಚುತ್ತಾಳೆ ಎಂದುಕೊಂಡೆ. ಮುಚ್ಚಲಿಲ್ಲ.

ಮುಂದಿನ ಶನಿವಾರ ಅವಳು ನಮ್ಮನ್ನೆಲ್ಲ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಕೈಚೀಲದಲ್ಲಿ ಲಾಡಿನ ದೊಡ್ಡ ಪೊಟ್ಟಣವಿತ್ತು. ಅದರ ಪಕ್ಕ ಕಾಗದದಲ್ಲಿ ಕಟ್ಟಿದ ಉಪ್ಪು, ಮೆಣಸೂ ಇತ್ತು. ನಾನು ಕಂಡೂ ಕಾಣದಂತೆ ಕುಳಿತೆ.

ಫಾದರ್ ಚೀಟಿ ಓದಿದರು. "ಉಪಕಾರ ಸ್ತುತಿ. ಬೆನಿಟಾ ಲೋಬೊ ಅವರಿಂದ. ಬರಲಿರುವ ಮೊಮ್ಮಗುವಿಗಾಗಿ. ಮತ್ತು ಮಗ ಐವನ್‌ಗಾಗಿ, ಮೂರು ತಿಂಗಳು ಸಿಕ್ಕಿದ್ದಕ್ಕೆ."