ಊರುಗೋಲಿನ ರಬ್ಬರ್ ಪಾದ

ಅತ್ತೆ ಕಂಡುಹಿಡಿದದ್ದು ಊರುಗೋಲಿನ ತುದಿಗೆ ಹಾಕುವ ಒಂದು ರಬ್ಬರ್ ಪಾದ. ಒದ್ದೆ ನೆಲದ ಮೇಲೆ ಊರಿದರೆ ಅದರ ಸೀಳಿನಿಂದ ನೀರು ಹೊರಹೋಗುತ್ತದೆ. ಮೈಭಾರ ಬಿದ್ದ ಕೂಡಲೇ ಸೀಳು ಮುಚ್ಚಿಕೊಂಡು ಪಾದ ನೆಲವನ್ನು ಕಚ್ಚಿ ಹಿಡಿಯುತ್ತದೆ. ಪೇಟೆಂಟ್ ಕಚೇರಿಯ ಪರೀಕ್ಷಕ ಮಾತ್ರ ಅರ್ಜಿಯನ್ನು ತಳ್ಳಿಹಾಕಿದ್ದ. ಹಳೆಯ ಪೇಟೆಂಟೊಂದರಲ್ಲಿ ನೆಲಕ್ಕೆ ಅಂಟುವ ರಬ್ಬರ್ ಬಟ್ಟಲಿದೆ, ಇನ್ನೊಂದರಲ್ಲಿ ನೀರು ಹರಿಸುವ ಸೀಳಿನ ಬೂಟಿದೆ, ಎರಡನ್ನೂ ಸೇರಿಸುವುದು ಈ ಕಸುಬಿನ ಯಾರಿಗಾದರೂ ಹೊಳೆಯುತ್ತದೆ ಎಂದು ಬರೆದಿದ್ದ.

ಆ 'ಯಾರಿಗಾದರೂ' ಅತ್ತೆಯ ಎದೆಗೆ ನಾಟಿತು. ಅಂದಿನಿಂದ ಅವರು ತಾವು ಪ್ರಯೋಗ ಮಾಡುತ್ತಿದ್ದ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. "ಹೋಗ್ಲಿ ಬಿಡಮ್ಮ, ಅದೇನು ಮಹಾ" ಎನ್ನುತ್ತಿದ್ದರು. ಪೇಟೆಂಟ್ ವಕೀಲೆಯಾದ ಸೊಸೆಗೆ ಮೈ ಉರಿಯಿತು. ಅವಳು ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಮೇಲ್ಮನವಿ ಹಾಕಿದಳು, ವಿಚಾರಣೆಗೆ ಅತ್ತೆಯನ್ನೂ ಕರೆದೊಯ್ದಳು.

"ಅಲ್ಲಿ ಮಾತ್ರ 'ಅದೇನು ಮಹಾ' ಅನ್ಬೇಡಿ ಅತ್ತೆ, ನಾನು ಕೆಟ್ಟೆ."

ಪೀಠದ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ಬಟ್ಟಲಿಗೆ ಒಂದು ಸೀಳು ಕೊಯ್ದರೆ ಆಯ್ತಲ್ಲ?"

ಸೊಸೆ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. "ಆಗಲ್ಲ ಮೇಡಂ. ಗಾಳಿ ಒಳಗೆ ಬರದಿದ್ರೆ ಮಾತ್ರ ಆ ಬಟ್ಟಲು ನೆಲ ಹಿಡಿಯೋದು. ಅಂಚಲ್ಲಿ ಸಣ್ಣ ಬಿರುಕೂ ಇರಕೂಡದು ಅಂತ ಅದರಲ್ಲೇ ಬರೆದಿದೆ. ಬೂಟಿನ ಸೀಳೋ, ಸದಾ ತೆರೆದೇ ಇರಬೇಕು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು, ಹಾಗಿದೆ ಈ ಜೋಡಿ. ಭಾರಕ್ಕೆ ಮುಚ್ಚಿಕೊಳ್ಳೋ ಸೀಳು ಎರಡರಲ್ಲೂ ಇಲ್ಲ. ಉತ್ತರ ನೋಡ್ಕೊಂಡು ಲೆಕ್ಕ ಮಾಡಿದ್ರೆ ಯಾವ ಲೆಕ್ಕವೂ ಸುಲಭಾನೇ."

ಅಧ್ಯಕ್ಷೆ ಅತ್ತೆಯ ಕಡೆ ತಿರುಗಿದರು. "ನಿಮಗೆ ಇದು ಕೂಡಲೇ ಹೊಳೀತಾ?"

ಸೊಸೆ ಅತ್ತೆಯ ಸೆರಗನ್ನು ಮೆಲ್ಲಗೆ ಜಗ್ಗಿದಳು.

"ಎಲ್ಲಿ ಹೊಳೀತು ಮೇಡಂ" ಎಂದರು ಅತ್ತೆ. "ನಾನೂ ಮೊದಲು ಬಟ್ಟಲಿಗೆ ಬರೀ ಸೀಳು ಕೊಯ್ದು ಕೊಟ್ಟೆ. ಅದನ್ನ ನಂಬಿ ನಮ್ಮನೆಯವರು ಬಚ್ಚಲಲ್ಲಿ ಬಿದ್ದು ಹಲ್ಲು ಮುರ್ಕೊಂಡ್ರು. ಇವತ್ತಿಗೂ ನಾವಿಬ್ರೇ ಇದ್ದಾಗ ಬೈತಾರೆ."

ಪೀಠದಲ್ಲಿದ್ದವರೆಲ್ಲ ನಕ್ಕರು. ಪರೀಕ್ಷಕ ಹೇಳಿದ ಜೋಡಣೆಯನ್ನು ಮಾಡಿ ನೋಡಿ ಸೋತವರು ಕಣ್ಣೆದುರಿಗೇ ಕೂತಿದ್ದರು. ಮಾವನ ಹಲ್ಲಿನ ಕತೆ ಮನೆಯಲ್ಲಿ ಸೊಸೆಗೂ ಯಾರೂ ಹೇಳಿರಲಿಲ್ಲ. ಸಂಜೆಯೊಳಗೆ ಆದೇಶ ಬಂತು: ತಿರಸ್ಕಾರ ರದ್ದು, ಪೇಟೆಂಟ್ ಕೊಡತಕ್ಕದ್ದು.

ಮೆಟ್ಟಿಲಿಳಿಯುವಾಗ ಅತ್ತೆಯ ಮುಖ ಅರಳಿತ್ತು. "ನೀನು ಹೇಳಿದ್ದು ಎಷ್ಟು ಸುಲಭದ ಮಾತು! ಆ ಪರೀಕ್ಷಕನಿಗೆ ಯಾಕೆ ಹೊಳೀಲಿಲ್ವೋ."

ಆ ಸುಲಭದ ಮಾತಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಸೊಸೆ ಅವರನ್ನೇ ನೋಡಿದಳು. ಅತ್ತೆ ನಾಲಿಗೆ ಕಚ್ಚಿಕೊಂಡರು. ಒಂದು ಮೆಟ್ಟಿಲು ಇಳಿದು, ಸೊಸೆಯ ಕೈ ಹಿಡಿದರು.

"ಇಲ್ಲಮ್ಮ, ಬೇರೆ ಯಾರಿಗೂ ಹೊಳೀತಿರಲಿಲ್ಲ" ಎಂದರು.