ಮೊದಲ ದಿನದ ದಾರಿ

"ಮೊದಲನೇ ದಿನ ಆರಾಮಾಗಿರ್ಲಿ," ಎನ್ನುತ್ತ ಭಾವ ನಕ್ಷೆಯ ಮೇಲೆ ಗ್ರೀಸು ಮೆತ್ತಿದ ಬೆರಳು ಎಳೆದರು. "ಬೆಳಿಗ್ಗೆ ಬಂದರಿಂದ ಹೊರಟು ಸಮುದ್ರದ ಬದಿ ರಸ್ತೇಲೇ ಹೋಗೋದು. ಏರು ಅನ್ನೋದೇ ಇಲ್ಲ. ಗಾಳಿ ಬೆನ್ನಿಗಿರುತ್ತೆ. ಬಿಸಿಲೇರೋಕೆ ಮುಂಚೆ ಊಟದ ಜಾಗ ಸೇರ್ಕೊಂಡ್ರೆ, ಉಳಿದದ್ದು ಸಂಜೆ ನೋಡ್ಕೊಳ್ಳೋಣ."

ರಜೆಯ ದಿನವಾದ್ದರಿಂದ ಭಾವನ ಸೈಕಲ್ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ನಕ್ಷೆ ಸುರುಳಿ ಸುತ್ತದಂತೆ ಮೂಲೆಗಳ ಮೇಲೆ ಸ್ಪ್ಯಾನರುಗಳನ್ನು ಹೇರಿದ್ದರು. ಎದುರಿಗೆ, ಪ್ರತಿ ವರ್ಷವೂ ಅವರೊಂದಿಗೆ ಸೈಕಲ್ಲಿನಲ್ಲಿ ಕರಾವಳಿ ಸುತ್ತುವ ಭೂಗೋಳದ ಮೇಷ್ಟ್ರು. ಪಕ್ಕದ ಸ್ಟೂಲಿನಲ್ಲಿ ಅವಳು. ಹೋಟೆಲಿನ ಲಾಂಡ್ರಿಯಿಂದ ನೇರ ಬಂದಿದ್ದಳು. ಮೈಯಿಂದ ಇಸ್ತ್ರಿಯ ಹಬೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಹೋದ ವರ್ಷ ಇದೇ ಪ್ರವಾಸದ ಮೊದಲ ದಿನ, ಅವಳ ಗಂಡ, ಭಾವನ ಒಬ್ಬನೇ ತಮ್ಮ, ದೀಪಸ್ತಂಭದ ಗುಡ್ಡ ಹತ್ತುವಾಗ ನಡುಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅಂದಿನಿಂದ ಅವಳು ಭಾವನ ಜೊತೆ ನೆಟ್ಟಗೆ ಮಾತಾಡಿದ್ದೇ ಇಲ್ಲ. ದಾರಿ ಗೊತ್ತು ಮಾಡುತ್ತಿದ್ದವರು ಅವರೇ ತಾನೆ? ಎದುರು ಸಿಕ್ಕರೆ ಮುಖ ತಿರುವುತ್ತಿದ್ದಳು. ತಿರುವಲಾಗದ ಕಡೆ ಚುಚ್ಚುತ್ತಿದ್ದಳು. ಭಾವ ಎಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಅದು ಅವಳ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕುತ್ತಿತ್ತು. "ಈ ಸಲ ನೀನೂ ಬಾರಮ್ಮ" ಎಂದು ಮೇಷ್ಟ್ರು ಕರೆದಾಗ ಹೂಂ ಎಂದದ್ದು, ಆ ಗುಡ್ಡವನ್ನೊಮ್ಮೆ ಕಣ್ಣಾರೆ ನೋಡಬೇಕೆಂದು.

"ಗುಡ್ಡ ಎಲ್ಲಿ?" ಎಂದಳು.

"ಗುಡ್ಡದ ಸಹವಾಸವೇ ಬೇಡಮ್ಮ," ಎಂದರು ಮೇಷ್ಟ್ರು. "ಅದರ ಬುಡ ಬಳಸ್ಕೊಂಡು ಹೋಗುತ್ತೆ ಈ ರಸ್ತೆ. ಮೊದಲಿಂದ್ಲೂ ಇದೆ."

ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಎದ್ದ ರಭಸಕ್ಕೆ ಸ್ಟೂಲು ಹಿಂದಕ್ಕೆ ಉರುಳಿತು.

"ಮೊದಲಿಂದ್ಲೂ ಇತ್ತಾ? ಹಾಗಾದ್ರೆ ಹೋದ ವರ್ಷ ಎಲ್ಲಿ ಹೋಗಿತ್ತು ಭಾವ ನಿಮ್ಮ ಬುದ್ಧಿ? ನನಗೆ ಆರಾಮಿನ ದಾರಿ, ನಿಮ್ಮ ತಮ್ಮಂಗೆ ಸಾಯೋ ದಾರಿನಾ?"

"ಕೂಗ್ಬೇಡ, ತಾಯಿ," ಎಂದರು ಭಾವ.

"ಕೂಗ್ತೀನಿ! ಒಂದು ವರ್ಷದಿಂದ ಕಲ್ಲು ಥರ ಕೂತಿದ್ದೀರಲ್ಲ, ಇವತ್ತು ಬಾಯಿ ಬಿಡಿ!"

ತಡೆಯಲಾಗದೆ ಹೋದದ್ದು ಮೇಷ್ಟ್ರಿಗೆ. "ಇನ್ನೆಷ್ಟು ದಿನ ಅಂತ ಬೈಸ್ಕೋತೀಯೋ?" ಎಂದು ಗೆಳೆಯನ ಮೇಲೆ ರೇಗಿ, ಅವಳತ್ತ ತಿರುಗಿದರು. "ಹೋದ ವರ್ಷಾನೂ ಇವನು ಗೊತ್ತು ಮಾಡಿದ್ದು ಇದೇ ದಾರಿ ಕಣಮ್ಮ. ನಿನ್ನ ಗಂಡನೇ ಕೇಳ್ಲಿಲ್ಲ. ಗುಡ್ಡದ ಬುಡದಲ್ಲಿ ಇಬ್ರಿಗೂ ಜಗಳಾನೇ ಆಯ್ತು. ಇವನು ಸೈಕಲ್‌ಗೆ ಅಡ್ಡ ನಿಂತ. 'ಮುದುಕರೆಲ್ಲ ಕೆಳಗೇ ಬನ್ನಿ, ನಾನು ಮೇಲಿಂದ ಕೈ ಬೀಸ್ತೀನಿ' ಅಂತ ನಕ್ಕೊಂಡು, ಪಕ್ಕಕ್ಕೆ ತಪ್ಪಿಸ್ಕೊಂಡು ಹತ್ತಿಬಿಟ್ಟ."

ಅವಳಿಗೆ ಆ ನಗು ಕೇಳಿಸಿತು. ಬೇಡವೆಂದದ್ದನ್ನೇ ಮಾಡುವಾಗಿನ ಗಂಡನ ನಗು. ಜ್ವರದಲ್ಲಿ ಈಜಲು ಹೋಗಿ ಬಂದು, ಒದ್ದೆ ತಲೆಯಲ್ಲಿ ಬಾಗಿಲಿಗೊರಗಿ ನಕ್ಕಿದ್ದನಲ್ಲ, ಅದೇ. ಮೇಷ್ಟ್ರು ಸುಳ್ಳು ಹೇಳುತ್ತಿಲ್ಲವೆನ್ನಲು ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಭಾವ?"

ಭಾವ ಚಿಂದಿ ಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತ, "ಹೇಳಿದ್ರೆ ನೀನು ಯಾರನ್ನ ಬೈತಿದ್ದೆ?" ಎಂದರು. "ಸತ್ತೋನನ್ನ ಬೈಯೋಕಾಗುತ್ತಾ? ನಾನಾದ್ರೆ ಇಲ್ಲೇ ಇದ್ದೀನಿ."

ಕರುಳು ಚುರುಕ್ಕೆನ್ನಬೇಕಿತ್ತೇನೋ. ಬಂದದ್ದು ಸಿಟ್ಟೇ, ಮೊದಲಿಗಿಂತ ಜೋರಾಗಿ.

"ನಾನು ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅನ್ನೋದನ್ನೂ ನೀವೇ ಗೊತ್ತು ಮಾಡೋದಾ? ಕೊಲೆಗಾರನ್ನ ನೋಡೋ ಹಾಗೆ ನೋಡಿದೆ ನಿಮ್ಮನ್ನ. ನಿಮ್ಮ ಹೆಂಡ್ತಿ ಮಕ್ಕಳ ಎದುರಿಗೇ ಆಡಬಾರದ್ದು ಆಡಿದೆ. ಅದನ್ನೆಲ್ಲ ಈಗ ಹೇಗೆ ವಾಪಸ್ ತಗೊಳ್ಲಿ?"

"ನನಗೇನು ಸಿಟ್ಟಿಲ್ವಾ?" ಭಾವನ ಮುಷ್ಟಿ ಮೇಜಿಗೆ ಬಡಿಯಿತು. ಸ್ಪ್ಯಾನರೊಂದು ಕೆಳಗೆ ಬಿದ್ದು ನಕ್ಷೆಯ ಮೂಲೆ ಸುರುಳಿಯಾಯಿತು. "ಅಣ್ಣ ಅನ್ನೋನು ಅಡ್ಡ ನಿಂತ್ರೂ ಹೋದ್ನಲ್ಲ, ಪಾಪಿ! ಕೊರಳಪಟ್ಟಿ ಹಿಡ್ದು ಕೇಳೋಣ ಅಂದ್ರೆ ಎಲ್ಲಿಗೆ ಹೋಗ್ಲಿ ನಾನು?"

ಮೇಷ್ಟ್ರು ಸ್ಪ್ಯಾನರ್ ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು.

ಕೊನೆಗೆ ಅವಳೇ ನಕ್ಷೆ ಬಿಡಿಸಿದಳು. "ಮೊದಲನೇ ದಿನ ಗುಡ್ಡದ ಬುಡಕ್ಕೆ ನಿಲ್ಸೋದು. ರಾತ್ರಿ ಅಲ್ಲೇ ಉಳ್ಕೊಳ್ಳೋದು. ಬಿಸಿಲಿಳಿದ ಮೇಲೆ ನಾನು ನಡ್ಕೊಂಡು ಹತ್ತುತ್ತೀನಿ. ಅಲ್ಲಿ ನಿಂತು ಅವರನ್ನ ಬಾಯ್ತುಂಬ ಬೈಬೇಕು."

"ನಾನೂ ಬರ್ತೀನಿ," ಎಂದರು ಭಾವ.

"ಬನ್ನಿ. ಆದ್ರೆ ಅಲ್ಲೂ ಸುಮ್ಮನಿರ್ಬೇಡಿ."

ಹಿಂದಿನ ಗೋಡೆಗೆ ಗಂಡನ ಸೈಕಲ್ ಒರಗಿತ್ತು. ಗಾಳಿಯಿಲ್ಲದೆ ಎರಡೂ ಚಕ್ರ ಕೂತುಹೋಗಿದ್ದವು. ಅವಳು ಪಂಪು ತಂದು, ಪಾದದಡಿ ಅದುಮಿ, ಹಲ್ಲು ಕಚ್ಚಿ ಮೈಭಾರವೆಲ್ಲ ಬಿಟ್ಟು ಒತ್ತತೊಡಗಿದಳು. ಭಾವ ಕೈ ಚಾಚಿದರು. ಅವಳು ಪಂಪು ಕೊಡಲಿಲ್ಲ. ಅವರು ಮೊಣಕಾಲೂರಿ ಕೂತು, ಕೊಳವೆ ಕಳಚದಂತೆ ವಾಲ್ವಿನ ಬಾಯಿ ಹಿಡಿದುಕೊಂಡರು. ಒಂದೊಂದು ಒತ್ತಿಗೂ ಬುಸ್ಸೆನ್ನುವ ಸದ್ದು. ಚಕ್ರದ ಕಬ್ಬಿಣ ನೆಲದಿಂದ ಸ್ವಲ್ಪ ಸ್ವಲ್ಪವೇ ಮೇಲೇಳತೊಡಗಿತು.