ಸಿದ್ದಕ್ಕನ ಹೆಬ್ಬೆಟ್ಟು

ಪುಟ್ಟಗೌರಮ್ಮ ಹಟ ಹಿಡಿದರೆ ಹಿಡಿದಂತೆಯೇ. ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಅವಳು 1979ರಲ್ಲಿ ಹಾಲೆಂಡಿನ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ತುಂಬಿದಳು. ಅಟ್ಟದ ಮೇಲೆ ವರ್ಷವಿಡೀ ಒಣಗುವ ತೆಂಗಿನಕಾಯಿಗಳಲ್ಲಿ ಕೆಲವಷ್ಟೇ ಒಳಗೊಳಗೇ ಕೊಳೆಯುವುದೇಕೆ ಎಂಬುದು ಅವಳ ವಿಷಯ. ಮೂವತ್ತೈದು ತುಂಬಿದವರು ಅರ್ಜಿ ಹಾಕುವಂತಿರಲಿಲ್ಲ. ಅವಳಿಗೆ ತುಂಬಲು ಐದೇ ತಿಂಗಳಿತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ.

ಎರಡು ಶಿಫಾರಸು ಪತ್ರ ಬೇಕಿತ್ತು. ಬೆಂಗಳೂರಿನ ಗುರುಗಳು ಒಂದನ್ನು ಕೊಟ್ಟರು, ಹೊಗಳಿಕೆಯೋ ಹೊಗಳಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇನ್ನೊಂದನ್ನು ಕೆಲಸ ಕಣ್ಣಾರೆ ಕಂಡವರೇ ಕೊಡಬೇಕು. ವಿಭಾಗದ ಮುಖ್ಯಸ್ಥ ಹಾಲಸ್ವಾಮಿಯವರು, ತಾನು ಒಂದು ದಿನವೂ ಅಟ್ಟ ಹತ್ತಿ ನೋಡಿಲ್ಲ, ಏನೆಂದು ಬರೆಯಲಿ ಎಂದುಬಿಟ್ಟರು. ಮೂರು ವರ್ಷ ಕರೆದಾಗಲೆಲ್ಲ ಮೊಣಕಾಲು ನೋವೆಂದ ಮಹಾನುಭಾವರು ಅವರೇ! ಪುಟ್ಟಗೌರಮ್ಮನಿಗೆ ಸಿಟ್ಟು ನೆತ್ತಿಗೇರಿತು.

ಕಣ್ಣಾರೆ ಕಂಡವಳು ಒಬ್ಬಳೇ. ದಂಡಿನಶಿವರದಲ್ಲಿ, ಪುಟ್ಟಗೌರಮ್ಮನ ತವರಿನ ಅಟ್ಟದ ಮೇಲೆ ಕಾಯಿ ಆರಿಸುವ ಸಿದ್ದಕ್ಕ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಒಳ್ಳೆಯ ಕೊಬ್ಬರಿಯೋ ಕೊಳೆತದ್ದೋ ಹೇಳುತ್ತಿದ್ದಳು. ಪುಟ್ಟಗೌರಮ್ಮ ಮೂರು ವರ್ಷ ಭಾನುವಾರ ತಪ್ಪಿಸದೆ ಬಸ್ಸು ಹಿಡಿದು ಹೋಗಿ, ಅವಳ ಪಕ್ಕ ಕೂತು ಆ ವಿದ್ಯೆ ಕಲಿತಿದ್ದಳು. ಅಲ್ಲಾಡಿಸಿ ತೋಚಿದ್ದನ್ನು ಮೊದಲು ಬರೆದು, ಆಮೇಲೆ ಒಡೆದು ನೋಡುತ್ತಿದ್ದಳು.

ಸಿದ್ದಕ್ಕನಿಗೆ ಓದು ಬರಹ ಬಾರದು. ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಹೆಬ್ಬೆಟ್ಟು ಒತ್ತು ಎಂದಳು ಪುಟ್ಟಗೌರಮ್ಮ. ಸಿದ್ದಕ್ಕ ಎಲೆಯಡಿಕೆ ಉಗಿದು ಬಂದು ಕೂತಳು.

"ಹತ್ತು ಕಾಯಲ್ಲಿ ನಾನು ಒಂದು ತಪ್ತೀನಿ, ಗೌರವ್ವ ಎಲ್ಡು ತಪ್ತಾಳೆ. ಬರ್ಕಳವ್ವ."

ಪೆನ್ನು ನಿಂತಿತು. ಬೇರೇನಾದರೂ ಹೇಳು ಎಂದು ಪುಟ್ಟಗೌರಮ್ಮ ಗೋಗರೆದಳು.

"ಸುಳ್ಳಿಗೆ ನನ್ನ ಹೆಬ್ಬೆಟ್ಟು ಬೀಳಾಕಿಲ್ಲ ಕಣವ್ವ. ಇನ್ನೂ ಐತೆ, ಬರಿ. ತಪ್ಪಿದ್ ಕಾಯ್ನ ನಾನು ಅತ್ಲಾಗೆಸ್ದು ಮರ್ತ್‌ಬುಡ್ತೀನಿ. ಗೌರವ್ವ ತಪ್ಪಿದ್ದನ್ನೂ ಬರ್ದಿಟ್ಕತ್ತಾಳೆ."

ಏನು ಬರೆದರೂ ಸಿದ್ದಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಪುಟ್ಟಗೌರಮ್ಮನಿಗೆ ನಾಚಿಕೆಯಾಯಿತು. ಆದದ್ದಾಗಲಿ ಎಂದು ಅಕ್ಷರ ಬಿಡದೆ ಬರೆದಳು, ಕೆಳಗೆ ಇಂಗ್ಲಿಷಿನಲ್ಲೂ ಬರೆದಳು, ಮರುದಿನವೇ ರಿಜಿಸ್ಟರ್ ಅಂಚೆಗೆ ಹಾಕಿದಳು. ಹಾಲಸ್ವಾಮಿಯವರು ಸುದ್ದಿ ಕೇಳಿ ಸ್ಟಾಫ್ ರೂಮಿನಲ್ಲಿ ಬಿದ್ದು ಬಿದ್ದು ನಕ್ಕರಂತೆ.

ದೆಹಲಿಯ ಸಂದರ್ಶನದಲ್ಲಿ ಸಮಿತಿಯ ಹಿರಿಯರು ಹೆಬ್ಬೆಟ್ಟಿನ ಪತ್ರವನ್ನೇ ಕೈಯಲ್ಲಿ ಹಿಡಿದಿದ್ದರು. ಒಟ್ಟು ಎಷ್ಟು ತಪ್ಪಿದ್ದೀರಿ ಎಂದು ಕೇಳಿದರು. ಮುನ್ನೂರ ಹನ್ನೊಂದು ಎಂದು ಪುಟ್ಟಗೌರಮ್ಮ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ಅವರು ಬಹಳ ಹೊತ್ತು ಓದಿದರು.

ಆಯ್ಕೆಯ ಪತ್ರ ಬಂದಾಗ ಅವಳು ಮೊದಲು ಹೋದದ್ದು ಅಟ್ಟಕ್ಕೆ. ಆ ದೇಶದಲ್ಲಿ ತೆಂಗು ಬೆಳೆಯುವುದಿಲ್ಲ ಎಂದು ಕೇಳಿ ಸಿದ್ದಕ್ಕ ಮರುಗಿದಳು. ಆಮೇಲೆ ಒಂದೊಂದನ್ನೇ ಕಿವಿಗಿಟ್ಟು ಅಲ್ಲಾಡಿಸಿ, ಹತ್ತು ಕಾಯಿ ಆರಿಸಿ ಚೀಲಕ್ಕೆ ಹಾಕಿದಳು.

"ಹತ್ತೂ ಒಳ್ಳೇವು ಅಂತ ನನ್ ಲೆಕ್ಕ. ಒಂದು ತಪ್ಪಿರ್ತೀನಿ. ಒಡ್ದು ನೋಡಿ, ನಂದೂ ಬರ್ದಿಟ್ಕಳವ್ವ."